ದಕ್ಕೆಯ ಕಂಬಗಳೂ ಅದೃಶ್ಯಕ್ಷಯವೂ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಕರ್ತವ್ಯಗಳು ನಿರೂಪಿತವಾಗಿವೆ. ಆಳುಗಳಾಗಲಿ ಉಪಕರಣಗಳಾಗಲಿ ಸಾಲದೆ, ಅಥವಾ ದುರಸ್ತಿಯಿಲ್ಲದೆ ನಾವೆಯು ಕೆಟ್ಟರೆ, ಆದ ನಷ್ಟವನ್ನು ಆತನೇ ತುಂಬಿಕೊಡತಕ್ಕದ್ದೆಂಬುದು ಅಲ್ಲಿಯ ವಿಧಿ. ಕ್ಷಯವು ಕಣ್ಣಿಗೆ ಕಾಣದ ಪಕ್ಷದಲ್ಲಿ ದುರಸ್ತಿ ಬೇಕೆಂಬುದನ್ನು ಅಧ್ಯಕ್ಷನು ಅರಿಯುವುದೆಂತು? ಈ ಪ್ರಶ್ನೆಯು ನಾವೆಗೆ ಮಾತ್ರವಲ್ಲದೆ ನಾವೆಯು ತಂಗುವ ದಕ್ಕೆಗೂ ಸಲ್ಲುವುದು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಆ ಕೊಲ್ಲಿಯ ಉತ್ತರಭಾಗವನ್ನು ನದಿಗಳ ಸಿಹಿನೀರು ಬಂದು ಸೇರುವುದು. ಮರವನ್ನು ಕೊರೆಯುವ ಆ ಕರಾವಳಿಯ ಜಲಚರಗಳು ಅಂತಹ ಸಪ್ಪೆ ನೀರಿನಲ್ಲಿ ಬಾಳಲಾರವು. ಆದುದರಿಂದ ಅಲ್ಲಿಯ ದಕ್ಕೆಗಳನ್ನೂ ಕಡವಿನ ಕಟ್ಟೆಗಳನ್ನೂ ಯಾವ ರಕ್ಷಣೌಷಧವನ್ನೂ ಉಣಿಸದ ಮರದ ಕಂಬಗಳ ಮೇಲೆ ನಿಲ್ಲಿಸುತ್ತಿದ್ದರು. ಪೂರ್ವಾನುಭವವೇ ಅವರಿಗೆ ಪ್ರಮಾಣವಾಗಿತ್ತು.

1913ರ ಸುಮಾರಿಗೆ ಟೆರೆಡೊ ನವಾಲಿಸ್ ಎಂಬ ಹೊಸ ಜೀವಿಯು ಅಲ್ಲಿ ಕಾಣಿಸಿಕೊಂಡಿತು. ಇದಕ್ಕೆ ಹಡಗುಹುಳುವೆಂದು ಹೆಸರಿದ್ದರೂ ಇದು ಹುಳುವಲ್ಲ. ಕಪ್ಪೆಚಿಪ್ಪಿನ ವರ್ಗಕ್ಕೆ ಸೇರಿದ ಪ್ರಾಣಿ. ಸಮುದ್ರಜಲದಲ್ಲಿ ಉಪ್ಪು ಸಾವಿರಕ್ಕೆ ಸುಮಾರು 35 ಭಾಗವಿದ್ದರೆ, ಇದು 5 ಭಾಗದಷ್ಟು ಉಪ್ಪಿರುವ ನೀರಿನಲ್ಲಿಯೂ ಜೀವಿಸಬಲ್ಲುದು. ನೀರು ಇನ್ನೂ ಸಪ್ಪೆಯಾದರೆ ತನ್ನ ರಂಧ್ರವನ್ನು ಮುಚ್ಚಿಕೊಂಡು ಕೆಲವು ವಾರ ಒಳಗೇ ತಡೆದಿರುವುದು. ಮರಿಯಾಗಿದ್ದಾಗ ಸೂಜಿಯ ಮೊನೆಯಷ್ಟು ರಂಧ್ರದಿಂದ ಮರವನ್ನು ಹೊಕ್ಕು, ಒಳಗೆಯೇ ಬೆಳೆದು, ತಿರುಳನ್ನೆಲ್ಲ ಬಿಲಗಳಾಗಿ ಮಾಡುವುದು. ಹೊರಗಿನ ರಂಧ್ರವಾದರೋ ಹಿಗ್ಗುವುದಿಲ್ಲ. ಒಳಗೆ ಟೊಳ್ಳಾದ ಕಂಬವು ನೋಡುವವರಿಗೆ ಗಟ್ಟಿಯಾಗಿಯೇ ತೋರುವುದು.

ಮಳೆ ಕಡಿಮೆಯಾದ ವರ್ಷಗಳಲ್ಲಿ ಉಪ್ಪುನೀರು ಒಳನಾಡಿನತ್ತ ಏರಿತು. 1919ರಿಂದ 1921ರ ವರೆಗೆ, ಸುಮಾರು ಎರಡು ವಾರಗಳಿಗೊಂದರಂತೆ, ದೊಡ್ಡ ದಕ್ಕೆಯೋ ಕಡವಿನ ಕಟ್ಟೆಯೋ ಕುಸಿಯುತ್ತ ಹೋಯಿತು.

1920ರಲ್ಲಿ ಇದರ ವಿಚಾರಣೆಗಾಗಿ ಒಂದು ಸಮಿತಿಯು ಏರ್ಪಟ್ಟಿತು. ಅದರ ಕಾರ್ಯದಲ್ಲಿ ಎಂಜಿನಿಯರುಗಳೊಡನೆ ಚಾರ್ಲ್ಸ್ ಕೋಫಾಯ್ಡ್ ಮೊದಲಾದ ಪ್ರಾಣಿಶಾಸ್ತ್ರಜ್ಞರೂ ಸೇರಿದರು. ಮರದ ಪರೀಕ್ಷಾಖಂಡಗಳನ್ನು ನೀರಿನಲ್ಲಿಳಿಸಿ, ನಿಯತಕಾಲದಲ್ಲಿ ಮೇಲೆತ್ತಿ ಸೀಳಿ ನೋಡುವ ಕ್ರಮವು ಬಳಕೆಗೆ ಬಂದಿತು. ಕಂಬವನ್ನು ಕೆಡಿಸದೆಯೇ ಅದಕ್ಕೆ ಒದಗಬಹುದಾದ ಅಪಾಯವನ್ನು ಮುಂಚಿತವಾಗಿ ಅರಿಯುವ ಉಪಾಯವಿದು. ಸಮಿತಿಯ ಅಂತಿಮ ವರದಿಯು 1927ರಲ್ಲಿ ಪ್ರಕಟವಾಯಿತು.

ಇಂದು ಕಂಬಗಳು ಬಹುಮಟ್ಟಿಗೆ ಉಕ್ಕಿನವು, ಕಾಂಕ್ರೀಟಿನವು. ಉಪ್ಪು ಒಳಹೊಕ್ಕು ಕಾಂಕ್ರೀಟಿನೊಳಗಣ ಕಬ್ಬಿಣವನ್ನು ತುಕ್ಕುಹಿಡಿಸುವ ಕಾರ್ಯವೂ ಆರಂಭದಲ್ಲಿ ಅದೃಶ್ಯವೇ. ಅದನ್ನು ಕಂಡುಹಿಡಿಯಲು ಮುಳುಗುಗಾರರನ್ನೂ ವಿದ್ಯುನ್ಮಾಪಕಗಳನ್ನೂ ನಿಯೋಜಿಸುವರು. ಆದುದರಿಂದ ದುರಸ್ತಿಯಿಲ್ಲದ್ದೆಂಬ ಮಾತಿಗೆ ಕೆಟ್ಟುದನ್ನು ಕಂಡೂ ಸರಿಪಡಿಸದೆ ಬಿಟ್ಟದ್ದೆಂಬಷ್ಟೇ ಅರ್ಥವು ಸಾಲದು. ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸದೆ ಬಿಟ್ಟದ್ದೂ ಅದರಲ್ಲಿ ಸೇರತಕ್ಕದ್ದು. ಜನರನ್ನು ದಾಟಿಸುವ ಹೊಣೆಯನ್ನು ಹೊತ್ತವನಿಗೆ, ಕಾಣಲಿಲ್ಲವೆಂಬುದು ಸಮಾಧಾನವಾಗಲಾರದು.