ಉಷ್ಣ, ತಂಪು ಮತ್ತು ಯಿನ್

ಉಷ್ಣ–ತಂಪು ಎಂಬುದು ತಿನ್ನುವ ಪದಾರ್ಥ, ಋತು, ಮೈಯ ಸ್ಥಿತಿ ಮೂರನ್ನೂ ಎದುರುಬದುರಾದ ಎರಡು ಗುಣಗಳಿಂದ ಅಳೆಯುವ ಕ್ರಮ. ಉತ್ತರ ಕನ್ನಡದ ಕರಾವಳಿ ತಾಲ್ಲೂಕುಗಳಾದ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಜಾತಿಮತದ ಭೇದವಿಲ್ಲದೆ ರೂಢಿಯಲ್ಲಿದೆ. ಚೀನೀ ಚಿಂತನೆಯ ಯಿನ್–ಯಾಂಗ್ ಜೋಡಿಗೆ ಈ ನೆಲದಲ್ಲಿ ತೀರ ಹತ್ತಿರ ಬರುವ ಕಲ್ಪನೆ ಇದೇ. ಯಿನ್ ಎಂದರೆ ಮೊದಲಿಗೆ ಗುಡ್ಡದ ನೆರಳು ಬೀಳುವ ಮಗ್ಗುಲು, ಯಾಂಗ್ ಬಿಸಿಲು ಬೀಳುವ ಮಗ್ಗುಲು. ಕ್ರಮೇಣ ತಂಪು, ತೇವ, ಕತ್ತಲೆ, ಚಂದ್ರ, ಹೆಣ್ತನಗಳು ಯಿನ್‌ನ ಪಾಲಿಗೂ, ಬಿಸಿ, ಬೆಳಕು, ಸೂರ್ಯ, ಗಂಡುತನಗಳು ಯಾಂಗ್‌ನ ಪಾಲಿಗೂ ಬಂದವು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಆದರೆ ಯಾವುದೂ ಪೂರ್ತಿ ಅಳಿಯುವುದಿಲ್ಲ.

ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಮಾರ್ಚ್–ಏಪ್ರಿಲ್ ಬಂತೆಂದರೆ ಬೆವರು ಆರುವುದೇ ಇಲ್ಲ. ಅಡುಗೆಮನೆ ಇದಕ್ಕೆ ಹೊಂದಿಕೊಂಡೇ ಬೆಳೆದಿದೆ. ಬೇಸಿಗೆಗೆ ಮುರುಗಲು ಹಣ್ಣಿನ ಪಾನಕ, ಅಪ್ಪೆಹುಳಿ, ಎಳನೀರು, ತಂಬುಳಿ. ಮಳೆಗಾಲಕ್ಕೆ ಹುರುಳಿ ಸಾರು, ಶುಂಠಿ–ಕಾಳುಮೆಣಸಿನ ಕಷಾಯ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಮುರುಗಲ ಸಿಪ್ಪೆ ನೆನೆಸಿದ ನೀರು, ಬಾಯಿಹುಣ್ಣಾದರೆ ‘ಉಷ್ಣ ಆಗಿದೆ’ ಎಂಬ ತೀರ್ಮಾನ. ಒಂದೆಲಗದ ತಂಬುಳಿಯನ್ನು ಹತ್ತಿರದಿಂದ ನೋಡಬೇಕು. ಎಲೆಯನ್ನು ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸುತ್ತಾರೆ; ರುಬ್ಬುವಾಗ ತುಪ್ಪದಲ್ಲಿ ಹುರಿದ ಜೀರಿಗೆಯೂ ನಾಲ್ಕು ಕಾಳುಮೆಣಸೂ ಅದರ ಜತೆಗೇ ಬೀಳುತ್ತವೆ. ತಂಪಿನ ಅಡುಗೆಯ ಹೊಟ್ಟೆಯಲ್ಲೇ ಇಷ್ಟು ಉಷ್ಣ ಇರಬೇಕು, ಇಲ್ಲವಾದರೆ ಶೀತವಾಗುತ್ತದೆ. ಯಿನ್–ಯಾಂಗ್ ಚಿತ್ರದ ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆ ಇಡುವವರ ಲೆಕ್ಕಾಚಾರವೂ ಇದೇ.

ಈ ರೂಢಿಗೆ ಸಿಗುವ ಹಳೆಯ ಪ್ರತ್ಯಕ್ಷ ಸಾಕ್ಷ್ಯಗಳಲ್ಲಿ ಒಂದು ಹೊನ್ನಾವರದ್ದು. 14ನೇ ಶತಮಾನದ ನಡುವೆ ಇಲ್ಲಿಗೆ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ, ಊರನ್ನು ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನ ಮನೆಯೂಟವನ್ನು ಸಾವಧಾನವಾಗಿ ವರ್ಣಿಸಿದ್ದಾನೆ. ರೇಷ್ಮೆ ಉಟ್ಟ ಹೆಣ್ಣುಮಗಳು ಸೌಟಿನಿಂದ ಅನ್ನ ಬಡಿಸಿ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ಪಲ್ಯ, ಕೊನೆಗೆ ಮೊಸರು. ಊಟ ಮುಗಿದ ಮೇಲೆ ಕುಡಿಯುವುದು ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಹಾನಿ ಮಾಡುತ್ತದೆಂದು ಕಾರಣವನ್ನೂ ಕೊಡುತ್ತಾನೆ. ಅವನಿಗೆ ಇದು ಸೋಜಿಗವೆನಿಸಲಿಲ್ಲ, ಅನಿಸಬೇಕಾಗಿಯೂ ಇರಲಿಲ್ಲ. ಗ್ರೀಕ್ ವೈದ್ಯ ಗ್ಯಾಲೆನನಿಂದ ಅರಬರು ಪಡೆದ ಯುನಾನಿ ಪದ್ಧತಿಯಲ್ಲೂ ಪದಾರ್ಥಗಳಿಗೆ ಶೀತ, ಉಷ್ಣ, ತೇವ, ಶುಷ್ಕ ಎಂಬ ಗುಣಗಳೂ ಅವುಗಳಿಗೆ ನಾಲ್ಕು ದರ್ಜೆಗಳೂ ಉಂಟು. ಅರಬ್ ವರ್ತಕರ ವಂಶದವರೆಂದು ಹೇಳಿಕೊಳ್ಳುವ ಭಟ್ಕಳದ ನವಾಯತರಿಗೂ, ನೆರೆಯ ಹವ್ಯಕರಿಗೂ, ಕೊಂಕಣಿಗರಿಗೂ ಈ ವಿಷಯದಲ್ಲಿ ಮಾತು ಕೂಡುವುದಕ್ಕೆ ಇಂಥ ಹಿನ್ನೆಲೆಯಿದೆ.

ಆಯುರ್ವೇದದಲ್ಲಿ ಈ ಗುಣದ ಹೆಸರು ವೀರ್ಯ. ವೀರ್ಯಗಳು ಎಂಟು ಎನ್ನುವವರಿದ್ದರು, ಶೀತ, ಉಷ್ಣ ಎಂಬ ಎರಡೇ ಎನ್ನುವವರೂ ಇದ್ದರು. ಎರಡರ ಪಕ್ಷಕ್ಕೆ ವಾಗ್ಭಟನ ಅಷ್ಟಾಂಗಹೃದಯ ಕೊಡುವ ಸಮರ್ಥನೆ ಏನೆಂದರೆ, ಪದಾರ್ಥಗಳು ಎಷ್ಟೇ ಬಗೆಯಾಗಿದ್ದರೂ ಉಷ್ಣದ ಅಗ್ನಿ, ತಂಪಿನ ಸೋಮ ಇವರಿಬ್ಬರ ಹಿಡಿತ ತಪ್ಪಿಸಿಕೊಳ್ಳಲಾರವು. ಯಿನ್–ಯಾಂಗಿಗೆ ಭಾರತೀಯ ಸಾಟಿ ಹುಡುಕುವವರು ಸಾಮಾನ್ಯವಾಗಿ ಅರ್ಧನಾರೀಶ್ವರನ ಕಡೆಗೋ ಪ್ರಕೃತಿ–ಪುರುಷರ ಕಡೆಗೋ ಕೈತೋರುತ್ತಾರೆ. ಅಗ್ನಿ–ಸೋಮದ ಜೋಡಿ ಅದಕ್ಕಿಂತ ಹೆಚ್ಚು ಒಪ್ಪುತ್ತದೆ. ಸಾಂಖ್ಯದ ಪುರುಷ ಏನನ್ನೂ ಮಾಡದ ಬರಿಯ ಸಾಕ್ಷಿ, ಯಾಂಗ್ ಹಾಗಲ್ಲ.

ಎರಡೂ ದೇಶಗಳ ಎಣಿಕೆ ಒಂದಾಗುವುದು ಕಾಳುಮೆಣಸಿನಲ್ಲಿ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಕಾಲದಲ್ಲೇ, ಚೀನಾದ ವೈದ್ಯ ಲಿ ಶಿಝೆನ್ ತನ್ನ ಬೃಹತ್ ಔಷಧಕೋಶ ಬರೆಯುತ್ತಿದ್ದ. 1596ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಕಾಳುಮೆಣಸು ಶುದ್ಧ ಯಾಂಗ್ ಪದಾರ್ಥ. ಎಳವೆಯಿಂದ ತನಗೆ ಮೆಣಸೆಂದರೆ ಪ್ರಾಣ, ಅದರಿಂದ ವರ್ಷವರ್ಷವೂ ಕಣ್ಣುಬೇನೆ ಬರುತ್ತಿತ್ತು, ತಿನ್ನುವುದು ಬಿಟ್ಟ ಮೇಲೆ ಬೇನೆ ನಿಂತಿತು ಎಂದು ಅಲ್ಲಿ ಬರೆದುಕೊಂಡಿದ್ದಾನೆ. ಕುಮಟೆಯ ಯಾವ ಅಜ್ಜಿಯೂ ಇದನ್ನು ಅಲ್ಲಗಳೆಯಲಾರಳು.

ಬಾಣಂತನದಲ್ಲೂ ಹೋಲಿಕೆ ಗಾಢ. ಹೆತ್ತ ಮೈ ಶೀತಕ್ಕೆ ಬೇಗ ಸಿಕ್ಕುತ್ತದೆಂದು ಇಲ್ಲಿ ಬಿಸಿನೀರ ಸ್ನಾನ, ಬೆಳ್ಳುಳ್ಳಿ, ಶುಂಠಿ, ಮೆಣಸು. ಚೀನಾದಲ್ಲಿ ‘ತಿಂಗಳು ಕೂರುವ’ ಪದ್ಧತಿಯಲ್ಲಿ ರಕ್ತ ಹೋಗಿ ಯಿನ್ ಮೇಲಾಯಿತೆಂದು ಶುಂಠಿ, ಎಳ್ಳೆಣ್ಣೆ. ಏಡಿಯಲ್ಲಿ ಮಾತ್ರ ಇಬ್ಬರಿಗೂ ಹೊಂದುವುದಿಲ್ಲ. ಚೀನೀಯರಿಗೆ ಅದು ತೀರ ಶೀತ, ಹಾಗಾಗಿ ಶುಂಠಿ ಜತೆಗಿಟ್ಟು ತಿನ್ನುತ್ತಾರೆ. ನಮ್ಮಲ್ಲಿ ನೆಗಡಿಯಾದವರಿಗೆ ಏಡಿ ಸಾರು ಕುಡಿಸುತ್ತಾರೆ. ಅಲ್ಲದೆ ಇಲ್ಲಿ ಲೆಕ್ಕ ಎರಡಕ್ಕೇ ಮುಗಿಯುವುದಿಲ್ಲ: ಬದನೆ ನಂಜು, ಆಲೂಗಡ್ಡೆ ವಾಯು. ನೆರೆಯ ದಕ್ಷಿಣ ಕನ್ನಡದ ಆಹಾರ ವಿಂಗಡಣೆಯ ಬಗ್ಗೆ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1986ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಯಿನ್ ಎಂಬ ಮಾತಾದರೋ ಇಲ್ಲಿಗೆ ಬಂದದ್ದು ಇಂಗ್ಲಿಷಿನ ದಾರಿಯಾಗಿ. ಇಂಗ್ಲಿಷಿನಲ್ಲಿ ಅದು ಜನಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗನ ಮುನ್ನುಡಿಯಿದ್ದ, ಚೀನೀ ಪ್ರಾಚೀನ ಗ್ರಂಥ ‘ಯಿ ಚಿಂಗ್’ನ ಅನುವಾದ 1950ರಲ್ಲಿ ಹೊರಬಂತು. ಜಪಾನಿನ ಜಾರ್ಜ್ ಒಹ್ಸಾವ ಪಥ್ಯವಿಚಾರದಲ್ಲಿ ಯಿನ್–ಯಾಂಗ್ ಮಾತನ್ನು ಹರಡಿದ. ಈಗ ಇಂಗ್ಲಿಷಿನಲ್ಲಿ ಗಂಡಹೆಂಡಿರ ಸ್ವಭಾವವನ್ನೂ, ಪರಸ್ಪರ ತುಂಬಿಕೊಡುವ ಯಾವ ಜೋಡಿಯನ್ನೂ ಯಿನ್–ಯಾಂಗ್ ಎನ್ನುತ್ತಾರೆ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಪೌಲಿ ಝಿಂಕ್ ಕಲಿಸತೊಡಗಿದ ತಾವೋ ಯೋಗದಿಂದ, ಒಂದೊಂದು ಭಂಗಿಯಲ್ಲಿ ಮೂರರಿಂದ ಐದು ನಿಮಿಷ ಸಡಿಲವಾಗಿ ಇರುವ ‘ಯಿನ್ ಯೋಗ’ ಬೆಳೆಯಿತು. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ವಿದೇಶಿಯರು ಸೇರುವ ಯೋಗಶಿಬಿರಗಳಲ್ಲಿ ಅದನ್ನು ಕಲಿಸುತ್ತಾರೆ. ಚೀನಾದ ಮಾತು ಈ ಕರಾವಳಿಗೆ ತಲುಪಿದ್ದು ಅಮೆರಿಕ ಸುತ್ತಿಕೊಂಡು, ಭಾರತದ್ದೇ ಯೋಗದ ಜತೆ.