2024ರ ಉರಿಬೇಸಿಗೆ ಮತ್ತು ಭರಣಿ ಮಳೆ

ಸಂಘದ ಖಾತೆ ಪುಸ್ತಕದಲ್ಲಿ ಸಾಲ-ವಸೂಲಿಯ ಲೆಕ್ಕವಿದೆ, ಮಳೆಯ ಲೆಕ್ಕವಿಲ್ಲ. ಆದರೆ ವಸೂಲಿ ನಿಂತಿರೋದೇ ಮಳೆಯ ಮೇಲೆ. ಆದ್ದರಿಂದ ಈ ನಾಲ್ಕು ಮಾತು.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬೆನ್ನಿಗೇ ಉರಿಬೇಸಿಗೆ. ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 2024ರ ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಆ ತಿಂಗಳು ಅಲ್ಲಿ ಅಳತೆಗೆ ಸಿಗುವಷ್ಟು ಮಳೆಯೂ ಬೀಳಲಿಲ್ಲ. ರಾಯಚೂರು, ಕಲಬುರಗಿ ಕಡೆಯವರ ಪಾಡು ಕೇಳೋದೇ ಬೇಡ!

ಕಾದ ನೆಲದಿಂದ ಮೇಲೇರುವ ಬಿಸಿಗಾಳಿಗೆ ಸಮುದ್ರದ ಕಡೆಯ ತೇವ ಕೂಡಿದರೆ, ಮಧ್ಯಾಹ್ನದ ಮೇಲೆ ಮೋಡ ಗೋಪುರದ ಹಾಗೆ ಬೆಳೆದು ಗುಡುಗು-ಸಿಡಿಲಿನ ಮಳೆಯಾಗುತ್ತೆ. ಆ ವರ್ಷ ಅದು ಬಂದದ್ದು ಮೇ ಮೊದಲ ವಾರ. ಹಿರಿಯರು 'ಭರಣಿ ಮಳೆ ಧರಣಿ ಬೆಳೆ' ಅಂದದ್ದು ಸುಮ್ಮನೆ ಅಲ್ಲ. ಜೂನ್ 2ರಂದು, ರೋಹಿಣಿಯಲ್ಲಿ, ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಸುರಿದು 1891ರ ಜೂನ್ ದಾಖಲೆ ಮುರಿಯಿತು.

ಮಳೆ ಬಿದ್ದ ಮಾರನೇ ದಿನವೇ ರೈತನಿಗೆ ಬೀಜ, ಗೊಬ್ಬರ ಬೇಕು, ಹದ ಕಾಯೋದಿಲ್ಲ. ಬರದ ವರ್ಷದ ಬಾಕಿ ಉಳಿದವನಿಗೆ ಆಗ ಸಂಘ ಬಾಗಿಲು ಹಾಕಿದರೆ ಅವನು ಹೋಗೋದು ಬಡ್ಡಿ ಸಾಹುಕಾರನ ಮನೆಗೆ. ಅದನ್ನು ತಪ್ಪಿಸಲೆಂದೇ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ನಾಡಿನ ಮೊದಲ ಕೃಷಿ ಪತ್ತಿನ ಸಂಘ ಹುಟ್ಟಿದ್ದು.