ಹಳೇಬೀಡಿನ ಬಸದಿಯೂ ಮಹಾಮಹತ್ತಿನ ತೀರ್ಪೂ



ಹಳೇಬೀಡನ್ನು ನೋಡದವರು ನಮ್ಮಲ್ಲಿ ವಿರಳ. ಹೊಯ್ಸಳೇಶ್ವರನ ದರ್ಶನ ಪಡೆದು, ಹೊರಗೋಡೆಯ ಆನೆ ಕುದುರೆಗಳ ಸಾಲುಗಳನ್ನು ಕಂಡು ಬೆರಗಾಗಿ ಅಲ್ಲಿಂದಲೇ ಮರಳುವವರು ಬಹುಮಂದಿ. ಕೇದಾರೇಶ್ವರ ದೇವಾಲಯದ ಕಡೆಗೆ ಸಾಗುವ ದಾರಿಯಲ್ಲಿ, ಬಸ್ತಿಹಳ್ಳಿಯೆಂಬಲ್ಲಿ, ಒಂದೇ ಆವರಣದೊಳಗೆ ನಿಂತಿರುವ ಮೂರು ಜಿನಾಲಯಗಳತ್ತ ಹೆಜ್ಜೆ ಹಾಕುವವರು ಕೆಲವರು ಮಾತ್ರ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ತೀರ್ಥಂಕರರಿಗೆ ಮೀಸಲಾದ ಈ ಬಸದಿಗಳು ಶ್ರವಣಬೆಳಗೊಳ, ಮೂಡಬಿದಿರೆ, ಹುಂಚಗಳಂತೆ ಜನಜಂಗುಳಿಯ ಯಾತ್ರಾಸ್ಥಳಗಳಲ್ಲ. ಆದರೆ ವೀರಶೈವ ಸಮಾಜದ ನಡೆನುಡಿಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗ ಇಲ್ಲಿ ನಡೆದಿರುವುದರಿಂದ, ಮಠದ ಭಕ್ತರೂ ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದವರೂ ಇದನ್ನು ಅವಶ್ಯವಾಗಿ ಅರಿಯತಕ್ಕದ್ದು.

ಮೊದಲಿಗೆ ಬಸದಿಯ ಪೂರ್ವವೃತ್ತಾಂತವನ್ನು ಗಮನಿಸೋಣ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕರಲ್ಲಿ ಗಂಗರಾಜನ ಹೆಸರು ಅಗ್ರಗಣ್ಯವಾದುದು. ಚೋಳರಿಂದ ತಲಕಾಡನ್ನು ಮರಳಿ ಪಡೆದವನು, ಬೆಳಗೊಳದ ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದವನು, ಹಾಳಾದ ಅನೇಕ ಬಸದಿಗಳನ್ನು ಜೀರ್ಣೋದ್ಧಾರಗೊಳಿಸಿದವನು ಅವನೇ. ಅವನು ತೀರಿಕೊಂಡ ಬಳಿಕ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ರಾಜಧಾನಿ ದೋರಸಮುದ್ರದಲ್ಲಿ ಈ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಗಂಗರಾಜನ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂಬ ಹೆಸರಾಯಿತು.

ಪ್ರತಿಷ್ಠೆಯಾದ ನಂತರ ಅರ್ಚಕರು ದೇವರ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಕೊಂಡೊಯ್ದರು. ಆ ಹೊತ್ತಿಗೆ ಸರಿಯಾಗಿ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಜಯವೂ ಲಭಿಸಿತ್ತು, ಪುತ್ರಸಂತಾನವೂ ಆಗಿತ್ತು. ವೈಷ್ಣವಭಕ್ತನೆಂದು ಲೋಕಪ್ರಸಿದ್ಧನಾದ ಆ ಅರಸನು ಜಿನಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನೆಂದು ಶಾಸನವು ತಿಳಿಸುತ್ತದೆ. ಗರ್ಭಗೃಹದಲ್ಲಿ ಸುಮಾರು 14 ಅಡಿ ಎತ್ತರದ ಪಾರ್ಶ್ವನಾಥನು ಸರ್ಪದ ಹೆಡೆಗಳ ನೆರಳಿನಲ್ಲಿ ಇಂದಿಗೂ ನಿಂತಿದ್ದಾನೆ. ನವರಂಗದ ಕಪ್ಪು ಕಲ್ಲಿನ ಕಂಬಗಳ ನುಣುಪನ್ನು ಕುರಿತು ಎಷ್ಟು ಹೇಳಿದರೂ ಸಾಲದು. ಎದುರು ನಿಂತವರ ಮುಖವು ಅವುಗಳಲ್ಲಿ ಕನ್ನಡಿಯಲ್ಲೆಂಬಂತೆ ಕಾಣುತ್ತದೆ.

ಆದರೆ ರಾಜವೈಭವವು ಸ್ಥಿರವಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಗೆ ದೋರಸಮುದ್ರ ತುತ್ತಾಯಿತು. ಹದಿನಾಲ್ಕನೆಯ ಶತಮಾನದ ನಡುವಿನೊಳಗಾಗಿ ಹೊಯ್ಸಳರ ಆಳ್ವಿಕೆಯೇ ಅಳಿಯಿತು. ರಾಜಧಾನಿಯು ಹಾಳುಬಿದ್ದು ‘ಹಳೆಯ ಬೀಡು’ ಎನಿಸಿಕೊಂಡಿತು. ಅರಸರ ಆಶ್ರಯ ತಪ್ಪಿದ ಮೇಲೆ ಬಸದಿಗಳನ್ನು ಕಾಯುವ ಹೊಣೆ ಅಲ್ಪಸಂಖ್ಯೆಯ ಜೈನ ಗೃಹಸ್ಥರ ಮೇಲೆ ಬಿದ್ದಿತು. ಇದೇ ಅವಧಿಯಲ್ಲಿ ನಾಡಿನ ಅನೇಕ ಕಡೆ ವೀರಶೈವ ಮಠಗಳು ಪ್ರಾಬಲ್ಯಕ್ಕೆ ಬಂದವು.

ಇಲ್ಲಿ ನಾವು ಇತಿಹಾಸದ ಮುಂದೆ ಪ್ರಾಮಾಣಿಕರಾಗಿರಬೇಕು. ಶೈವರಿಗೂ ಜೈನರಿಗೂ ಇದ್ದ ಸಂಬಂಧವು ಸದಾಕಾಲವೂ ಸೌಹಾರ್ದಮಯವಾಗಿತ್ತೆಂದು ಹೇಳುವಂತಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ಪಣ ತೊಟ್ಟು ತಲೆಯನ್ನು ಅರಿದುಕೊಂಡು ಮರಳಿ ಪಡೆದ ಪವಾಡವನ್ನು ಹೇಳುವ ಆ ಶಾಸನವೇ, ಜಿನಬಿಂಬವನ್ನು ಒಡೆದ ಸಂಗತಿಯನ್ನೂ ಹೇಳುತ್ತದೆ. ರಾಮಯ್ಯನ ನಿಷ್ಠೆಯನ್ನು ಹಾಡಿ ಹೊಗಳುವ ನಾವು, ಒಡೆದ ಬಿಂಬವನ್ನು ಪೂಜಿಸುತ್ತಿದ್ದವರ ಸಂಕಟವನ್ನೂ ಒಮ್ಮೆ ಊಹಿಸಿಕೊಳ್ಳಬೇಡವೇ?

ಮತಗಳ ಕಲಹವನ್ನು ನಿಲ್ಲಿಸಿದ ನಿದರ್ಶನವೆಂದರೆ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವು ಎಲ್ಲರಿಗೂ ನೆನಪಾಗುತ್ತದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಮೊರೆಯಿಟ್ಟಾಗ, ದೊರೆಯು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ದರ್ಶನಗಳಲ್ಲಿಯೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಹಾಗೂ ಕಲಶಗಳ ಹಕ್ಕು ಜೈನರಿಗೆ ಉಳಿಯಿತು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳಕ್ಕೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಏರ್ಪಾಡಾಯಿತು. ಅದು ಪ್ರಬಲನಾದ ಸಾಮ್ರಾಟನು ಮಾಡಿದ ನ್ಯಾಯ. ಅರಸನ ಭಯವಿದ್ದಲ್ಲಿ ಪ್ರಜೆಗಳು ಒಪ್ಪಿ ನಡೆಯುವುದು ಸಹಜ.

ಅದಾದ 270 ವರ್ಷಗಳ ನಂತರ, 1638ರಲ್ಲಿ, ಹಳೇಬೀಡಿನಲ್ಲಿ ನಡೆದುದು ಬೇರೆಯ ಬಗೆಯದು. ಆಗ ಬೇಲೂರು ಸೀಮೆಯನ್ನು ವೆಂಕಟಾದ್ರಿ ನಾಯಕನು ಆಳುತ್ತಿದ್ದನು. ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಹಾಕಿದನು. ಲಿಂಗಮುದ್ರೆಯೆಂದರೆ ಆ ಕಾಲದಲ್ಲಿ ಬರಿಯ ಗುರುತಲ್ಲ. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ನೆಡುವುದು ರೂಢಿಯಾಗಿತ್ತು. ಆದುದರಿಂದ ಕಂಬದ ಮೇಲಿನ ಮುದ್ರೆಯು ‘ಇದು ನಮ್ಮದು’ ಎಂದು ಸಾರಿದಂತೆಯೇ ಸರಿ. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಲಿಂಗವನ್ನು ಅಳಿಸಿದ ಸುದ್ದಿ ಶಿವಭಕ್ತರ ಕಿವಿಗೆ ಬಿದ್ದಾಗ ಎಂತಹ ಕ್ಷೋಭೆ ಎದ್ದಿರಬಹುದೆಂಬುದನ್ನು ವಾಚಕರೇ ಊಹಿಸಬಲ್ಲರು.

ಜೈನ ಸೆಟ್ಟಿಗಳು ವೀರಶೈವರ ಮುಂದೆಯೇ ತಮ್ಮ ಅಹವಾಲನ್ನಿಟ್ಟರು. ಮಠಗಳ ಹಿರಿಯರನ್ನು ಒಳಗೊಂಡ ಮಹಾಮಹತ್ತು ಕೂಡಿ ವಿಚಾರಿಸಿತು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ವಿಜಯಪಾರ್ಶ್ವನಾಥನ ಪೂಜೆ, ಅಭಿಷೇಕ, ದೀಪಾರಾಧನೆ ಮುಂತಾದ ಎಲ್ಲ ವಿಧಿಗಳನ್ನೂ ಜೈನರು ಪೂರ್ವದ ಮರ್ಯಾದೆಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರತಕ್ಕದ್ದೆಂದು ತೀರ್ಪಾಯಿತು. ಅದನ್ನು ಕಲ್ಲಿನಲ್ಲಿ ಬರೆಸಲಾಯಿತು. ಈ ಜಿನಧರ್ಮಕ್ಕೆ ಅಡ್ಡಿ ಮಾಡುವವನು ಮಹಾಮಹತ್ತಿನ ಪಾದಕ್ಕೆ ಹೊರಗಾದವನು, ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು ಎಂಬ ಅರ್ಥದ ಶಾಪವಾಕ್ಯವನ್ನೂ ಸೇರಿಸಲಾಯಿತು.

ವಾಚಕರು ಈ ಶಾಪವಾಕ್ಯವನ್ನು ಕುರಿತು ಸಾವಕಾಶವಾಗಿ ಚಿಂತಿಸಬೇಕು. ಶಾಸನಗಳಲ್ಲಿ ಶಾಪ ಹೊಸದಲ್ಲ. ದತ್ತಿಯನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪವೆಂದು ಬರೆಯುವುದು ಎಲ್ಲೆಡೆಯೂ ಉಂಟು. ಹಳೇಬೀಡಿನ ಹಿರಿಯರಾದರೋ ತಮ್ಮವರನ್ನು ತಡೆಯಲು ತಮ್ಮ ಧರ್ಮದ ಮಾತನ್ನೇ ಬಳಸಿದರು. ಜಿನಪೂಜೆಯನ್ನು ಕೆಡಿಸುವವನು ಜೈನರಿಗೆ ಅಪರಾಧಿಯೆಂದು ಹೇಳಿ ಸುಮ್ಮನಾಗದೆ, ಅವನು ಶಿವನಿಗೇ ದ್ರೋಹಿಯೆಂದು ಸಾರಿದರು. ಅನ್ಯರ ದೇವಾಲಯದ ರಕ್ಷಣೆಯು ಇದರಿಂದ ಶಿವಾಚಾರದ ಒಂದು ಅಂಗವೇ ಆಯಿತು. ಹೊರಗಿನ ಆಜ್ಞೆಯು ಆಳುವವನೊಡನೆ ಮುಗಿದುಹೋಗಬಹುದು. ತನ್ನ ಆಚಾರವೇ ಹಾಕಿದ ಕಟ್ಟನ್ನು ಮೀರಬೇಕಾದರೆ ಭಕ್ತನು ತನ್ನ ಭಕ್ತಿಯನ್ನೇ ಬಿಡಬೇಕಾಗುತ್ತದೆ.

ಈ ತೀರ್ಪಿನಲ್ಲಿ ಕೊರತೆಯಿಲ್ಲವೆಂದಲ್ಲ. ತಮ್ಮದೇ ಬಸದಿಯಲ್ಲಿ ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಬೇಕಾಯಿತು. ಬಲ ಯಾರ ಕಡೆಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸರಿಸಮಾನರ ನಡುವಿನ ಒಪ್ಪಂದವೆಂದು ಇದನ್ನು ಕೊಂಡಾಡುವುದು ಸತ್ಯಕ್ಕೆ ದೂರವಾದೀತು. ಆದರೂ ಬಲವಿದ್ದವರು ಬಸದಿಯನ್ನು ಕಿತ್ತುಕೊಳ್ಳಬಹುದಾಗಿದ್ದ ಸಂದರ್ಭದಲ್ಲಿ ಅದನ್ನು ಉಳಿಸಿಕೊಟ್ಟರು. ಆ ಕಾರಣದಿಂದಲೇ ವಿಜಯಪಾರ್ಶ್ವನು ತನ್ನ ಸ್ಥಾನದಲ್ಲಿಯೇ ಉಳಿದನೆಂಬುದನ್ನು ನಾವು ಮರೆಯಲಾಗದು.

ಹೊಯ್ಸಳೇಶ್ವರ ದೇವಾಲಯವು ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆ ಕೀರ್ತಿಯಿಂದ ಹಳೇಬೀಡಿಗೆ ಬರುವ ಭಕ್ತರು ಬಸ್ತಿಹಳ್ಳಿಗೂ ಹೋಗಿ, ಆ ಕಂಬಗಳ ಎದುರು ಒಂದು ಗಳಿಗೆ ನಿಲ್ಲಬೇಕು. ಅದಕ್ಕೂ ಮಿಗಿಲಾದ ಕರ್ತವ್ಯ ನಮ್ಮ ನಮ್ಮ ಊರುಗಳಲ್ಲಿದೆ. ಮುಕ್ಕೊಡೆಯ ಕಲ್ಲು, ನಿಸಿದಿಗಲ್ಲು, ಭಗ್ನವಾದ ಜಿನಬಿಂಬಗಳು ಹೊಲದ ಬದುವಿನಲ್ಲಿಯೋ ಕೆರೆಯ ಏರಿಯಲ್ಲಿಯೋ ಅನಾಥವಾಗಿ ಬಿದ್ದಿದ್ದರೆ, ಅವುಗಳನ್ನು ಮೆಟ್ಟಿಲಿಗೋ ಬಟ್ಟೆ ಒಗೆಯುವ ಕಲ್ಲಿಗೋ ಬಳಸಲು ಬಿಡಬಾರದು. ಪುರಾತತ್ವ ಇಲಾಖೆಗೆ ತಿಳಿಸಿ, ಅವು ಯೋಗ್ಯ ರಕ್ಷಣೆ ಪಡೆಯುವಂತೆ ನೋಡಿಕೊಳ್ಳಬೇಕು. ಊರಿನಲ್ಲಿ ಜೈನರ ಮನೆ ಒಂದೂ ಇಲ್ಲದಿದ್ದರೆ ನಮ್ಮ ಹೊಣೆ ಇನ್ನೂ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಕೇಳುವವರು ಬೇರೆ ಯಾರೂ ಇರುವುದಿಲ್ಲ.

ವಿಭೂತಿಯನ್ನು ಧರಿಸುವ ನಮಗೆ ಮಹಾಮಹತ್ತು 1638ರಲ್ಲಿ ಕಲ್ಲಿನಲ್ಲಿ ಬರೆಸಿಟ್ಟ ಕಟ್ಟಳೆ ಇದು. ಇದನ್ನು ಓದಿ ನಡೆಯುವುದು ನಮ್ಮೆಲ್ಲರಿಗೆ ಸೇರಿದುದು.